ಗುಡಿಯ ಒಕ್ಕಲು

ದೇವಾಲಯವು ದೇವರಿರುವುದರಿಂದ ದೇವಾಲಯವಾಗುವುದೋ, ಅಥವಾ ಒಮ್ಮೆ ದೇವರಿಗಾಗಿ ಕಟ್ಟಲ್ಪಟ್ಟಿತೆಂಬ ಮಾತ್ರಕ್ಕೇ ಆ ಹೆಸರಿಗೆ ಎಂದೆಂದಿಗೂ ಅರ್ಹವಾಗಿ ಉಳಿಯುವುದೋ ಎಂಬ ಪ್ರಶ್ನೆ ನಿತ್ಯಪೂಜೆ ನಡೆಯುವ ಊರುಗಳಲ್ಲಿ ಏಳುವುದೇ ಇಲ್ಲ. ಅಲ್ಲಿ ಗಂಟೆಯ ನಾದವೇ ಅದಕ್ಕೆ ಉತ್ತರ ಹೇಳಿಬಿಡುತ್ತದೆ. ಅದು ಏಳುವುದು ಐಹೊಳೆಯಂಥ ಸ್ಥಳದಲ್ಲಿ. ಬಾದಾಮಿಯ ಚಾಲುಕ್ಯರ ಕಾಲದಲ್ಲಿ ತಲೆಯೆತ್ತಿ, ರಾಷ್ಟ್ರಕೂಟರ ಮತ್ತು ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೂ ಬೆಳೆದು, ನೂರಕ್ಕೂ ಮಿಕ್ಕ ಗುಡಿಗಳನ್ನು ತನ್ನ ಮಡಿಲಲ್ಲಿ ತುಂಬಿಕೊಂಡ ಮಲಪ್ರಭೆಯ ತೀರದ ಈ ಊರಿನಲ್ಲಿ, ಆ ಗುಡಿಗಳ ಹೆಸರುಗಳನ್ನು ಕೇಳಿದವನಿಗೆ ಮೊದಲು ವಿಸ್ಮಯವೂ ಆಮೇಲೆ ಯೋಚನೆಯೂ ಹುಟ್ಟುತ್ತವೆ: ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ, ಲಾಡಖಾನ್ ಗುಡಿ. ಬಹುಮಟ್ಟಿಗೆ ಇವು ದೇವರ ಹೆಸರುಗಳಲ್ಲ. ಅವುಗಳೊಳಗೋ ಅವುಗಳ ಮಗ್ಗುಲಲ್ಲೋ ಒಕ್ಕಲಿದ್ದ ಜನರ ಹೆಸರುಗಳು.

ದೇವತೆಯ ಹೆಸರೆಂದು ತೋರುವಲ್ಲಿಯೂ ನಾವು ಮೋಸಹೋಗುತ್ತೇವೆ. ಗಜಪೃಷ್ಠಾಕಾರದ ಆ ಪ್ರಸಿದ್ಧ ದುರ್ಗದ ಗುಡಿಗೆ ಹೆಸರು ಬಂದದ್ದು ಪಕ್ಕದ ಕೋಟೆಯಿಂದಲ್ಲದೆ ದುರ್ಗಾದೇವಿಯಿಂದಲ್ಲ. ಅದರ ದ್ವಾರದ ಶಾಸನವು ಹೇಳುವುದು ಆದಿತ್ಯನ ಆಲಯವನ್ನು. ದುರ್ಗಾಭಗವತಿಯ ಹೆಸರು ಶಾಸನದಲ್ಲಿ ದೊರೆಯುವುದು ಗೌಡರ ಗುಡಿಯಲ್ಲಿ! ಹತ್ತೊಂಬತ್ತನೆಯ ಶತಮಾನದಲ್ಲಿ ಫರ್ಗ್ಯುಸನ್‌ನಂಥ ವಿದ್ವಾಂಸನು ಆ ದುರ್ಗದ ಗುಡಿಯ ದುಂಡು ಬೆನ್ನನ್ನು ನೋಡಿ ಬೌದ್ಧಚೈತ್ಯವನ್ನು ನೆನೆದನು. ಮೂಲದೇವತೆಯು ಇಷ್ಟು ಸುಲಭವಾಗಿ ಮರೆತುಹೋಗಬಹುದಾದರೆ, ಕಲ್ಲಿನಲ್ಲಿ ಆತನ ಸಾನ್ನಿಧ್ಯವು ಎಷ್ಟರಮಟ್ಟಿಗೆ ಬೇರೂರಿತ್ತು?

ಲಾಡಖಾನ್ ಗುಡಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಹಿಂದಿನ ವಿದ್ವಾಂಸರು ಇದನ್ನು ಐದನೆಯ ಶತಮಾನದ್ದೆಂದು ಎಣಿಸಿ ದೇವಾಲಯವಾಸ್ತುವಿನ ಶೈಶವವನ್ನು ಇಲ್ಲಿ ಕಂಡರು; ಈಚಿನವರು ಏಳನೆಯ ಶತಮಾನದ ಕೊನೆಗೋ ಎಂಟನೆಯದರ ಆದಿಗೋ ಇದನ್ನು ತಂದಿದ್ದಾರೆ. ಕಾಲ ಯಾವುದಾದರೂ ಇರಲಿ, ಇದರ ರೂಪವು ವಿಲಕ್ಷಣವಾದದ್ದು. ಚಚ್ಚೌಕವಾದ ವಿಶಾಲ ಮಂಟಪ, ಒಂದರೊಳಗೊಂದರಂತೆ ಎರಡು ಸುತ್ತು ಕಂಬಗಳು, ನಟ್ಟನಡುವೆ ನಂದಿ, ಹಿಂದಿನ ಗೋಡೆಗೆ ಅಂಟಿಕೊಂಡಂತಿರುವ ಪುಟ್ಟ ಗರ್ಭಗೃಹ. ಮೇಲೆ ಇಳಿಜಾರಾಗಿ ಹಾಸಿದ ಚಪ್ಪಡಿಗಳು, ಮತ್ತು ಆ ಚಪ್ಪಡಿಗಳ ಸಂದುಗಳನ್ನು ಮುಚ್ಚುವುದಕ್ಕಾಗಿ ಮರದ ದಿಮ್ಮಿಗಳನ್ನು ಹೋಲುವಂತೆ ಕಡೆದಿಟ್ಟ ಉದ್ದುದ್ದ ಕಲ್ಲಿನ ಪಟ್ಟಿಗಳು. ಆ ಕಾಲದ ಐಹೊಳೆಯ ಜನರು ವಾಸಮಾಡುತ್ತಿದ್ದ ಮಣ್ಣು ಮರಗಳ ಮನೆಗಳಲ್ಲಿ ಇಂದು ಒಂದೂ ನಿಂತಿಲ್ಲ. ಐನೂರು ಸ್ವಾಮಿಗಳೆಂದು ದಕ್ಷಿಣಾಪಥದಲ್ಲೆಲ್ಲ ಹೆಸರಾದ ಅಯ್ಯಾವೊಳೆಯ ವರ್ತಕರು ಎಂತಹ ಮಾಡಿನ ಕೆಳಗೆ ಮಲಗಿದ್ದರೆಂಬುದನ್ನು ಯಾವ ಉತ್ಖನನವೂ ನಮ್ಮ ಕಣ್ಣೆದುರಿಗೆ ಎಬ್ಬಿಸಿ ನಿಲ್ಲಿಸಲಾರದು. ಆದರೆ ಅಂಥ ಮಾಡಿನ ಒಂದು ಪ್ರತಿಕೃತಿಯು ದೇವರ ತಲೆಯ ಮೇಲೆ ಕಲ್ಲಾಗಿ ಉಳಿದುಬಂದಿದೆ. ಮನುಷ್ಯರು ತಮ್ಮ ಚಾವಡಿಯ ರೂಪವನ್ನು ದೇವರಿಗೆ ಕೊಟ್ಟರು. ಶತಮಾನಗಳು ಕಳೆದ ಮೇಲೆ, ಪೂಜೆ ನಿಂತು, ದೀಪವಾರಿದ ಆ ಚಾವಡಿಯೊಳಗೆ ಲಾಡಖಾನನೆಂಬ ಒಬ್ಬ ಮುಸಲ್ಮಾನನು ಬಂದು ಸಂಸಾರ ಹೂಡಿದನು. ಇದನ್ನು ಅಪಚಾರವೆಂದು ಕರೆಯಲು ನನಗೆ ಮನಸ್ಸು ಬಾರದು. ಕೊಟ್ಟಿದ್ದ ಮನೆಯೊಂದು ಕೊಟ್ಟವರ ಕುಲಕ್ಕೆ ಮರಳಿ ಬಂದಿತೆಂದೇ ನಾನು ಭಾವಿಸುತ್ತೇನೆ.

ಶ್ರದ್ಧಾವಂತರು ಇಲ್ಲಿ ಆಕ್ಷೇಪಿಸಬಹುದು. ಆದರೆ ಅವರ ಶಾಸ್ತ್ರವೇ ನನ್ನ ಪಕ್ಷದಲ್ಲಿದೆ. ಆಗಮಗಳ ಪ್ರಕಾರ ಶಿಲ್ಪಿಯು ಕಡೆದು ಮುಗಿಸಿದ ವಿಗ್ರಹವು ಪ್ರತಿಷ್ಠೆಯಾಗುವವರೆಗೆ ಶಿಲೆಯೇ ಹೊರತು ದೇವರಲ್ಲ. ಜೀರ್ಣೋದ್ಧಾರದ ಸಮಯದಲ್ಲಿ ಆ ದೈವಕಲೆಯನ್ನು ಬಿಂಬದಿಂದ ಆಕರ್ಷಿಸಿ, ಜಲಪೂರ್ಣವಾದ ಕುಂಭಕ್ಕೆ ಇಳಿಸಿ, ಬಾಲಾಲಯದಲ್ಲಿ ಆರಾಧಿಸಿ, ಕೆಲಸ ಪೂರೈಸಿದ ಬಳಿಕ ಮತ್ತೆ ಬಿಂಬಕ್ಕೆ ಏರಿಸುವ ವಿಧಿಯುಂಟು. ಪೂಜೆಯು ತಪ್ಪಿಹೋದರೆ ಪ್ರಾಯಶ್ಚಿತ್ತವನ್ನೂ, ದೀರ್ಘಕಾಲ ತಪ್ಪಿದರೆ ಪುನಃಪ್ರತಿಷ್ಠೆಯನ್ನೂ ವಿಧಿಸಲಾಗಿದೆ. ಎಂದರೆ, ಸಾನ್ನಿಧ್ಯವು ಕಲ್ಲಿನ ಗುಣವಲ್ಲ, ಅದೊಂದು ಸಂಬಂಧ. ಅದನ್ನು ಕರೆಯುವವರೂ ಕಾಯುವವರೂ ಇರುವಷ್ಟು ಕಾಲ ಅದಿರುತ್ತದೆ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲವೆಂಬ ವಚನಕಾರರ ವಿವೇಚನೆಯನ್ನು ಇಲ್ಲಿ ತರುವುದು ಸುಲಭ, ಈ ಮಲಪ್ರಭೆಯೇ ಮುಂದೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದರಿಂದ ಆ ಆಸೆಯೂ ಪ್ರಬಲವಾದದ್ದೇ. ಆದರೆ ಐಹೊಳೆಯ ಸ್ಥಾವರಗಳು ಅಳಿಯದೆ, ಒಂದೇ ಸಮನಾಗಿ ಉಳಿಯದೆ, ಗುಡಿಯಿದ್ದದ್ದು ಮನೆಯಾಗುತ್ತ ಬಾಳಿದುದರಿಂದ ಆ ವಿಭಾಗಕ್ಕೆ ಅವು ಸರಿಯಾಗಿ ಒಳಪಡುವುದಿಲ್ಲ.

ಈ ಸಂಬಂಧವನ್ನು ಪುರಾತತ್ತ್ವಜ್ಞನು ಅಗೆದು ತೆಗೆಯಬಲ್ಲನೆ? ಅಂಬಿಗೇರ ಗುಡಿಯ ಅಡಿಪಾಯದ ಬಳಿ ಅಗೆದಾಗ ಅದರ ಕೆಳಗೆ ಇನ್ನೂ ಹಳೆಯದಾದ ಇಟ್ಟಿಗೆಯ ಗರ್ಭಗೃಹವೊಂದರ ರೇಖೆಯೂ ಕೆಂಪು ಮಣ್ಣಿನ ಬೋಗುಣಿಗಳೂ ದೊರೆತವು. ಇಟ್ಟಿಗೆಯಲ್ಲಿದ್ದ ದೇವರನ್ನು ಕಲ್ಲಿಗೆ ವಿಧಿಪೂರ್ವಕವಾಗಿ ಕರೆತಂದರೋ, ಮರೆತ ದೇವರ ಮೇಲೆ ಹೊಸ ದೇವರನ್ನು ಕೂರಿಸಿದರೋ, ಎರಡರ ಗುರುತೂ ಮಣ್ಣಿನಲ್ಲಿ ಒಂದೇ ಬಗೆಯಾಗಿರುತ್ತದೆ. ಪದರಗಳು ಹಿಂದುಮುಂದುಗಳನ್ನು ಹೇಳುತ್ತವೆ, ಸಂಕಲ್ಪವನ್ನು ಹೇಳುವುದಿಲ್ಲ.

ಸಂಕಲ್ಪವನ್ನು ಹೇಳಬಲ್ಲುದು ಶಾಸನವೊಂದೇ ಎಂದು ಮೇಗುಟಿಯ ಬೆಟ್ಟವನ್ನು ಹತ್ತಿದರೆ, ಅಲ್ಲಿ ಇನ್ನೊಂದು ವೈಚಿತ್ರ್ಯ ಕಾದಿರುತ್ತದೆ. ಶಕವರ್ಷ 556ರಲ್ಲಿ, ಎಂದರೆ ಕ್ರಿ. ಶ. 634ರ ಸುಮಾರಿನಲ್ಲಿ, ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯು ಜಿನೇಂದ್ರನಿಗೆ ಕಲ್ಲಿನ ಮನೆಯನ್ನು ಕಟ್ಟಿಸಿ, ಅದರ ಗೋಡೆಯ ಮೇಲೆ ತಾನೇ ರಚಿಸಿದ ಸಂಸ್ಕೃತಕಾವ್ಯವನ್ನು ಕೆತ್ತಿಸಿದನು. ಹರ್ಷನ ಸೋಲಿಗಾಗಿ ಇತಿಹಾಸಕಾರನು ಅದನ್ನು ಓದುತ್ತಾನೆ. ಅಲ್ಲಿ ಕಾಳಿದಾಸ ಭಾರವಿಗಳ ಹೆಸರು ಬಂದಿರುವುದರಿಂದ ಅವರ ಕಾಲಕ್ಕೆ ಒಂದು ಗಡಿಯನ್ನು ಹಾಕಲು ಸಾಹಿತ್ಯಚರಿತ್ರಕಾರನು ಓದುತ್ತಾನೆ. ಕವಿಯು ಯಾರ ಪ್ರೀತ್ಯರ್ಥವಾಗಿ ಅಷ್ಟೆಲ್ಲ ಮಾಡಿದನೋ ಆ ಜಿನನ ಸಲುವಾಗಿ ಓದುವವರು ವಿರಳ. ತನ್ನನ್ನು ಆ ಇಬ್ಬರು ಮಹಾಕವಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡ ರವಿಕೀರ್ತಿಗೆ ಇದರಿಂದ ಪೂರ್ತಿಯಾಗಿ ಅಸಮಾಧಾನವಾಗುತ್ತಿತ್ತೆಂದು ಹೇಳಲಾರೆ! ಅದೇ ಬೆಟ್ಟದ ಮೇಲೆ ಜಿನಾಲಯದ ಹಿಂದೆ ಬೃಹತ್ ಶಿಲಾಯುಗದವರ ಕಲ್ಲುಗೋರಿಗಳಿವೆ. ಅವುಗಳ ಮೇಲೆ ಅಕ್ಷರವಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮೂರನೆಯ ಬಗೆಯ ಒಡೆತನವೊಂದು ಬಂದಿತು. ಪುರಾತತ್ತ್ವ ಇಲಾಖೆಯು ಗುಡಿಗಳನ್ನು ರಕ್ಷಿತ ಸ್ಮಾರಕಗಳೆಂದು ಸಾರಿ, ಮುಖ್ಯವಾದವುಗಳ ಒಳಗೂ ಸುತ್ತಲೂ ಇದ್ದ ವಸತಿಗಳನ್ನು ತೆರವುಮಾಡಿ, ಹುಲ್ಲುಹಾಸನ್ನು ಹಬ್ಬಿಸಿ, ಬೇಲಿ ಹಾಕಿತು. ಅಡಿಗೆಯ ಹೊಗೆಗೆ ಕಪ್ಪಿಟ್ಟು, ತೊಲೆಗಾಗಿ ತೂತಾಗಿ, ಬಂದವರ ಅನುಕೂಲಕ್ಕೆ ತಕ್ಕಂತೆ ಒಡೆದುಹೋಗುತ್ತಿದ್ದ ಕಲ್ಲುಗಳು ಆ ಕ್ರಮದಿಂದ ಉಳಿದವೆಂಬುದರಲ್ಲಿ ಸಂದೇಹವಿಲ್ಲ, ಮತ್ತು ಉಳಿಸಿದವರನ್ನು ದೂಷಿಸುವುದು ಕೃತಘ್ನತೆಯಾದೀತು. ಆದರೂ ತತ್ತ್ವದೃಷ್ಟಿಯಿಂದ ಅವರ ಒಂದು ನಿಯಮವು ಕುತೂಹಲಕರವಾದದ್ದು: ರಕ್ಷಣೆಗೆ ಒಳಪಟ್ಟ ದಿನ ಪೂಜೆ ನಡೆಯುತ್ತಿದ್ದಲ್ಲಿ ಅದು ಮುಂದುವರಿಯಬಹುದು, ನಿಂತುಹೋಗಿದ್ದಲ್ಲಿ ಹೊಸದಾಗಿ ಆರಂಭಿಸತಕ್ಕದ್ದಲ್ಲ. ಆಗಮಿಕನು ಕುಂಭವನ್ನು ಹಿಡಿದು ನಿರ್ಣಯಿಸುತ್ತಿದ್ದುದನ್ನು ಈಗ ದಫ್ತರದ ತಾರೀಖು ನಿರ್ಣಯಿಸುತ್ತದೆ. ದೇವರೂ ಇಲ್ಲ, ಒಕ್ಕಲೂ ಇಲ್ಲ, ಉಳಿದವನು ಪ್ರೇಕ್ಷಕನೊಬ್ಬನೇ.

ಆ ನಿಯಮದಂತೆ ಪೂಜೆ ಮುಂದುವರಿಯುತ್ತಿರುವ ಗುಡಿಗಳಲ್ಲಿ ಹೊಳೆಯ ಕಡೆಗಿರುವ ರಾಮಲಿಂಗನ ಗುಡಿಯೂ ಒಂದು. ಅಲ್ಲಿ ವರುಷಕ್ಕೊಮ್ಮೆ ಜಾತ್ರೆ ನೆರೆಯುತ್ತದೆ, ತೇರು ಎಳೆಯುತ್ತಾರೆ, ಹಬ್ಬಕ್ಕೆಂದು ಗುಡಿಗೆ ಸುಣ್ಣ ಬಳಿಯುತ್ತಾರೆ. ಲಾಡಖಾನ್ ಗುಡಿಯ ಒಂದೊಂದು ಕಂಬವನ್ನೂ ಅಳೆದು ಬರೆದುಕೊಳ್ಳುವ ವಾಸ್ತುಚರಿತ್ರಕಾರನು ಇಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅವನಿಗೆ ಬೇಕಾದ ಉಳಿಯ ಗುರುತುಗಳೆಲ್ಲ ಆ ಸುಣ್ಣದ ಕೆಳಗಿವೆ, ಬಳಿಯುವವರನ್ನು ತಡೆಯಲು ಅವನಿಂದಾಗದು, ಮುಂದಿನ ಜಾತ್ರೆಗೆ ಅವರು ಮತ್ತೊಂದು ಸಲ ಬಳಿಯುತ್ತಾರೆ.