ತಪ್ಪನ್ನು ಕೂಡಲೇ ತೋರಿಸುವ ಉಳಿ

ನಾವು ತಪ್ಪಿದ ಕ್ಷಣದಲ್ಲಿಯೇ ನಮ್ಮ ತಪ್ಪನ್ನು ತೋರಿಸುವವನು ನಮಗೆ ಮಿತ್ರನೋ, ವೈರಿಯೋ? ಮಿತ್ರನೆಂದು ಬಾಯಿಂದ ಹೇಳುವದು ಸುಲಭ. ಮನಸ್ಸು ಅದನ್ನು ಒಪ್ಪುವದು ಕಷ್ಟ. ಮರ ಕಡೆಯುವವರ ಒಂದು ಉಳಿಯು ಈ ವಿಷಯದಲ್ಲಿ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

ಲಟ್ಟಣಿಗೆ, ಬುಗುರಿ, ತೊಟ್ಟಿಲಿನ ಕಾಲು ಮೊದಲಾದವುಗಳು ಲೇತಿನ ಮೇಲೆ ಕಡೆದವುಗಳೆಂದು ನೀವು ಬಲ್ಲಿರಿ. ಮರದ ತುಂಡು ಎರಡು ಮೊನೆಗಳ ನಡುವೆ ತಿರುಗುತ್ತಿರುವದು. ಕೆಲಸದವನು ಮುಂದಿನ ಕಂಬಿಯ ಮೇಲೆ ಉಳಿಯನ್ನಿಟ್ಟು ಅದನ್ನು ಮರಕ್ಕೆ ತಗಲಿಸುವನು. ಅವನ ಉಳಿಗಳಲ್ಲಿ ಒಂದರ ಬಾಯಿ ನೆಟ್ಟಗಿರದೆ, ಪಕ್ಕದ ಅಂಚಿಗೆ ಸುಮಾರು 70 ಡಿಗ್ರಿ ಓರೆಯಾಗಿರುವದು. ಆದಕಾರಣ ಅದಕ್ಕೆ ಮುಂದೆ ಚಾಚಿದ ಚೂಪು ಮೂಲೆಯೊಂದೂ ಹಿಂದೆ ನಿಂತ ಮೊಂಡು ಮೂಲೆಯೊಂದೂ ಉಂಟು. ಇದೇ ಓರೆಬಾಯಿಯ ಉಳಿ. ಬಲ್ಲವನ ಕೈಯಲ್ಲಿ ಇದು ಮರವನ್ನು ಗಾಜಿನ ಹಾಗೆ ನುಣುಪಾಗಿ ಬಿಡುವದು. ಕಲಿಯುವವನಿಗೋ ಇದರಷ್ಟು ಭಯ ಹುಟ್ಟಿಸುವ ಆಯುಧ ಬೇರೊಂದಿಲ್ಲ.

ನಾನು ಒಬ್ಬ ಹಿರಿಯ ಆಚಾರಿಯ ಬಳಿ ಲಟ್ಟಣಿಗೆ ಕಡೆಯಲು ಕಲಿಯ ಹೋದೆನು. ಕೆಲಸ ಮುಕ್ಕಾಲು ಮುಗಿದಿತ್ತು. ಆಗ ಚೂಪು ಮೂಲೆಯು ತಿರುಗುವ ಮರಕ್ಕೆ ತಗಲಿತು. ಉಳಿ ಫಕ್ಕನೆ ಕಚ್ಚಿ ಬದಿಗೆ ಓಡಿ, ತಿರುಪಿನ ಸುತ್ತಿನಂತೆ ಆಳವಾದ ಗಾಯವನ್ನು ಮಾಡಿಬಿಟ್ಟಿತು. “ಆಚಾರ್ರೇ, ಈ ಉಳಿ ಕೆಟ್ಟದ್ದು” ಅಂದೆನು. ಅವರು ನಕ್ಕು, “ಉಳಿಗೆ ನಿಮ್ಮ ಮೇಲೆ ಏನು ಹಗೆ, ಮಾಸ್ತರೇ? ಒರಗಿಸುವದಕ್ಕೆ ಮೊದಲೇ ಕೊಯ್ಯಲು ಹೋದಿರಿ” ಅಂದರು.

ಅವರ ಮಾತಿನ ಅರ್ಥವೇನಂದರೆ, ಮೊದಲು ಉಳಿಯ ಸಾಣೆ ಹಿಡಿದ ಇಳಿಜಾರನ್ನು ತಿರುಗುವ ಮರದ ಮೇಲೆ ಸುಮ್ಮನೆ ಒರಗಿಸಬೇಕು. ಆಗ ಅದು ಉಜ್ಜುವದು, ಕೊಯ್ಯುವದಿಲ್ಲ. ಆ ಮೇಲೆ ಹಿಡಿಯನ್ನು ಮೆಲ್ಲಗೆ ಎತ್ತುತ್ತಾ ಬಂದರೆ ಬಾಯಿಯು ತಾನಾಗಿ ಮರವನ್ನು ಹಿಡಿದು ತೆಳುವಾದ ಸುರುಳಿಯನ್ನು ಬಿಡಿಸುವದು. ಬಾಯಿಯ ನಡುವಿಂದ ಮೊಂಡು ಮೂಲೆಯ ಕಡೆಗಿರುವ ಭಾಗದಿಂದಲೇ ಕೊಯ್ಯಬೇಕು. ಚೂಪು ಮೂಲೆಯು ಮರಕ್ಕೆ ದೂರವಾಗಿರಬೇಕು. ದಪ್ಪವಾದ ಕಡೆಯಿಂದ ಸಣ್ಣದಾದ ಕಡೆಗೆ ಇಳಿಯಬೇಕೇ ಹೊರತು ಏರಬಾರದು. ಇದಲ್ಲದೆ ಭಯದಿಂದ ಬಿಗಿಹಿಡಿದವನಿಗೆ ಮರದ ಸೂಕ್ಷ್ಮ ಕಂಪನವು ಕೈಗೆ ತಿಳಿಯುವದಿಲ್ಲ. ಹೀಗೆ ಭಯವೇ ತಾನು ಹೆದರಿದ್ದನ್ನು ಬರಮಾಡಿಕೊಳ್ಳುವದು.

ಆದರೆ ಕಲಿಯುವವನಿಗೆ ಸುಲಭವಾದ ಇನ್ನೊಂದು ದಾರಿ ಉಂಟು. ಉಳಿಯನ್ನು ಚಪ್ಪಟೆಯಾಗಿ ಹಿಡಿದು ಮರವನ್ನು ಕೆರೆಯಬಹುದು. ಹಾಗೆ ಮಾಡಿದರೆ ಅದು ಅಷ್ಟಾಗಿ ಕಚ್ಚುವದಿಲ್ಲ. ಕೆರೆದಾಗ ಮರದ ನಾರು ಹರಿದು ಎದ್ದು ನಿಲ್ಲುವದು. ಅದನ್ನು ಉಪ್ಪುಕಾಗದದಿಂದ ತಿಕ್ಕಿ ಮರೆಮಾಡಬಹುದು. ಕಣ್ಣಿಗೆ ಎಲ್ಲವೂ ಚೆನ್ನಾಗಿ ಕಾಣುವದು. ಆದರೆ ನೀರು ತಗಲಿದ ದಿನ ಅಡಗಿದ್ದ ನಾರು ಮತ್ತೆ ಏಳುವದು. ಕೆರೆಯುವವನು ಹತ್ತು ವರುಷ ಕೆರೆದರೂ ಕೊಯ್ಯುವದನ್ನು ಕಲಿಯುವದಿಲ್ಲ, ಯಾಕಂದರೆ ಅವನ ತಪ್ಪನ್ನು ಅವನಿಗೆ ಹೇಳುವವರು ಯಾರೂ ಇಲ್ಲ.

ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟಗಳ ಬೀಚ್ ಮರದ ಕಾಡುಗಳಲ್ಲಿ, 20ನೆಯ ಶತಮಾನದ ಮೊದಲ ಭಾಗದ ವರೆಗೂ, ಬಾಡ್ಜರರೆಂಬ ಬಡ ಕೆಲಸಗಾರರಿದ್ದರು. ಅವರು ಬಾಗುವ ಕೋಲಿಗೆ ಹಗ್ಗ ಕಟ್ಟಿ, ಕಾಲಿನಿಂದ ಹಲಗೆಯನ್ನು ತುಳಿದು, ಹಸಿ ಮರದಿಂದ ಕುರ್ಚಿಯ ಕಾಲುಗಳನ್ನು ಕಡೆದು, 144ರ ಲೆಕ್ಕದಲ್ಲಿ ಹೈ ವಿಕಂಬ್ ಊರಿನ ಕುರ್ಚಿ ಕಾರ್ಖಾನೆಗಳಿಗೆ ಮಾರುತ್ತಿದ್ದರು. ಆ ಲೇತಿನಲ್ಲಿ ಮರವು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವದು. ಮುಂದಕ್ಕೆ ತಿರುಗುವಾಗ ಮಾತ್ರ ಕೊಯ್ಯಬಹುದು. ಹಸಿ ಮರಕ್ಕೆ ಉಪ್ಪುಕಾಗದ ನಡೆಯದು. ಆದ್ದರಿಂದ ಉಳಿಯ ಕೊಯ್ತವೇ ಅವರ ನುಣುಪು. ತಪ್ಪನ್ನು ಮುಚ್ಚುವ ಉಪಾಯವೇ ಅವರಿಗಿರಲಿಲ್ಲ. ಬಡತನವು ಅವರಿಗೆ ಕೊಟ್ಟ ಒಂದು ಒಳ್ಳೇದು ಇದೇ ಎಂದು ನನಗೆ ತೋರುತ್ತದೆ.

ಹಾಗಾದರೆ ತಪ್ಪಿದವನನ್ನು ಕಠಿಣವಾಗಿ ಗದರಿಸುವದೇ ಸರಿಯೋ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಉಳಿಯು ಕೋಪದಿಂದ ಕಚ್ಚುವದಿಲ್ಲ, ನಿನ್ನೆಯ ತಪ್ಪನ್ನು ಇಂದು ಎತ್ತಿ ಹೇಳುವದಿಲ್ಲ, ಐಶ್ವರ್ಯವಂತನಿಗೂ ಬಡವನಿಗೂ ಅದರ ನಿಯಮ ಒಂದೇ. ಕೈ ಸರಿಯಾದ ಕೂಡಲೇ ಅದೂ ಸರಿಯಾಗಿ ನಡೆಯುವದು. ಮನುಷ್ಯರ ಗದರಿಕೆಯಲ್ಲಿ ಇವುಗಳಲ್ಲಿ ಒಂದಾದರೂ ಕಾಣುವದು ಅಪರೂಪ. ಆ ಹಿರಿಯರು ನನಗೆ ಮೊದಲು ಕೊಟ್ಟದ್ದು ಬೀಟೆಯ ಮರವನ್ನಲ್ಲ, ಒಲೆಗೆ ಹಾಕತಕ್ಕ ಕಟ್ಟಿಗೆಯ ತುಂಡನ್ನೇ. ಲೇತನ್ನೂ ನಿಧಾನವಾಗಿ ಓಡಿಸಿದರು. ಉಳಿ ಕಚ್ಚಿದಾಗ ಹಾಳಾದದ್ದು ಒಂದು ಕಾಸಿನ ವಸ್ತು. ದೊರೆತ ಬುದ್ಧಿಯೋ ಉಳಿಯಿತು. ತಪ್ಪನ್ನು ಕೂಡಲೇ ತೋರಿಸಬೇಕು, ಆದರೆ ತಪ್ಪಿನ ಬೆಲೆ ಕಡಿಮೆಯಾಗಿರುವಾಗಲೇ ತೋರಿಸಬೇಕು. ಮಗನು ಚಿಕ್ಕವನಿರುವಾಗ ಅವನ ಸುಳ್ಳನ್ನು ನಕ್ಕು ಮುಚ್ಚಿ, ಅವನು ಬೆಳೆದು ಸಾಲಗಾರರ ಮುಂದೆ ನಿಂತಾಗ ಬಯ್ಯುವ ತಂದೆಯು ಉಪ್ಪುಕಾಗದ ಹಿಡಿದವನೇ.

ಆದಕಾರಣ, ವಾಚಕರೇ, ನಮ್ಮ ಕೆಲಸದಲ್ಲಿಯೂ ಮನೆಯಲ್ಲಿಯೂ ನಮ್ಮನ್ನು ಹೊಗಳುವವರು ಯಾರು, ಕಚ್ಚುವವರು ಯಾರು ಎಂದು ಒಮ್ಮೆ ನೋಡಿಕೊಳ್ಳೋಣ. ಕಚ್ಚುವವರನ್ನು ಮೂಲೆಗೆ ಎಸೆಯುವದಕ್ಕೆ ಮುಂಚೆ, ನಾವು ಒರಗಿಸಿ ಹಿಡಿದೆವೋ ಇಲ್ಲವೋ ಎಂದು ನಮ್ಮ ಕೈಯನ್ನೇ ವಿಚಾರಿಸೋಣ. ಗಾಯವಾದ ಆ ಲಟ್ಟಣಿಗೆಯನ್ನು ನಾನು ಒಲೆಗೆ ಹಾಕಲಿಲ್ಲ. ಅದು ಇನ್ನೂ ನನ್ನ ಮೇಜಿನ ಮೇಲಿದೆ.