ಯಾರಿಗೆ ಮಾರಬೇಕಿತ್ತು?

2017ರ ಆಗಸ್ಟ್ 7ರಂದು ಸೆಬಿ 331 ಶಂಕಿತ ಪೊಳ್ಳು ಕಂಪೆನಿಗಳ ಶೇರು ವಹಿವಾಟನ್ನು ತಿಂಗಳಿಗೊಂದು ದಿನಕ್ಕೆ ಇಳಿಸಲು ಶೇರುಪೇಟೆಗಳಿಗೆ ಆದೇಶಿಸಿತು. ಮರುದಿನ ಬೆಳಿಗ್ಗೆ ಶೇರುದಾರರ ಹಣ ಸಿಕ್ಕಿಬಿದ್ದಿತ್ತು. ಸಿಟ್ಟು ಸಹಜ.

ಆದರೆ ಆ ಸಿಟ್ಟಿನೊಳಗೆ ಎರಡು ದೂರುಗಳಿವೆ. ವಿಚಾರಣೆಯಿಲ್ಲದೆ ಶಿಕ್ಷೆಯೇಕೆ ಎಂಬುದು ಮೊದಲನೆಯದು. ಅದು ನ್ಯಾಯವಾದದ್ದೇ. ಜೆ. ಕುಮಾರ್ ಇನ್‌ಫ್ರಾಪ್ರಾಜೆಕ್ಟ್ಸ್ ಮತ್ತು ಪ್ರಕಾಶ್ ಇಂಡಸ್ಟ್ರೀಸ್ ಮೇಲ್ಮನವಿ ಸಲ್ಲಿಸಿದಾಗ, ತನಿಖೆಯಿಲ್ಲದೆ ಹೊರಟ ಆದೇಶವಿದೆಂದು ನ್ಯಾಯಮಂಡಳಿ ಆಗಸ್ಟ್ 10ರಂದೇ ಅವೆರಡರ ಮಟ್ಟಿಗೆ ತಡೆ ನೀಡಿತು.

ಎರಡನೆಯ ದೂರನ್ನು ನಾವು ಮೆಲ್ಲಗೆ ಆಡುತ್ತೇವೆ: 'ಒಂದು ದಿನ ಮುಂಚೆ ತಿಳಿದಿದ್ದರೆ ಮಾರಿಬಿಡುತ್ತಿದ್ದೆವು.' ಯಾರಿಗೆ? ಕೊಳ್ಳುವವನೂ ನಮ್ಮಂತೆಯೇ ಮಗಳ ಮದುವೆಗೋ ಮನೆಗೋ ಹಣ ಕೂಡಿಟ್ಟವನಲ್ಲವೆ? ಸಂತೆಯಲ್ಲಿ ಎತ್ತಿನ ಕುಂಟು ಮುಚ್ಚಿಟ್ಟು ಮಾರಿದವನನ್ನು ಮೋಸಗಾರನೆನ್ನುತ್ತೇವೆ. ಶೇರುಪೇಟೆಯಲ್ಲಿ ಕೊಳ್ಳುವವನ ಮುಖ ಕಾಣದು, ವ್ಯತ್ಯಾಸ ಅಷ್ಟೆ.

ನಷ್ಟದ ನೋವು ಸುಳ್ಳಲ್ಲ. ಸೆಬಿಯನ್ನು ಕಾರಣ ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಆದರೆ ತಿಳಿದೂ ತಿಳಿದೂ ಆ ನಷ್ಟವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸುವ ಹಕ್ಕು, ಪೇಟೆ ತೆರೆದಿದ್ದ ದಿನವೂ ನಮಗಿರಲಿಲ್ಲ.