ಹೇಳಿಕೊಳ್ಳುವುದು ಭಕ್ತಿಗೆ ಕುಂದೇ?

ಕೂಸು ಹುಟ್ಟಿದ ಮನೆಯಲ್ಲಿ ಬಾಣಂತಿ ದಿನವಿಡೀ ಅಳುತ್ತಿದ್ದರೆ ಹುಬ್ಬಳ್ಳಿ-ಧಾರವಾಡದ ಕಡೆ ಕೇಳಿಬರುವ ಮಾತು ಎರಡು: ‘ದೃಷ್ಟಿ ತಾಗೇತಿ’, ಇಲ್ಲವೇ ‘ದೇವರು ಇಷ್ಟು ಕೊಟ್ಟಾನ, ಇನ್ನೇನು ಕೊರಗು?’ ಎರಡನೆಯದು ಹೆಚ್ಚು ಕ್ರೂರ. ಅದು ಕಾಯಿಲೆಯನ್ನು ದೇವರ ಮುಂದಿನ ತಪ್ಪಾಗಿಸುತ್ತದೆ. ಹೆರಿಗೆಯಾದ ಕೆಲವು ದಿನ ಮನಸ್ಸು ಕಲಕುವುದು ಸಹಜ. ಎರಡು ವಾರ ದಾಟಿಯೂ ತಿಳಿಯಾಗದಿದ್ದರೆ ಖಿನ್ನತೆಯಿರಬಹುದು. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಇದನ್ನು ಶೇ 22ರಷ್ಟು ತಾಯಂದಿರಲ್ಲಿ ಕಂಡಿತು. ಐವರಲ್ಲಿ ಒಬ್ಬಳನ್ನು ಕಾಡುವ ನೋವಿಗೆ ಅವಳ ಭಕ್ತಿಯ ಕೊರತೆ ಕಾರಣವೆನ್ನಲು ಆಧಾರವಿಲ್ಲ.

ಶಾಸ್ತ್ರವೂ ಹಾಗೆನ್ನುವುದಿಲ್ಲ. ಗೀತೆಯಲ್ಲಿ ಅರ್ಜುನನ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಮನಸ್ಸು ಸುತ್ತುತ್ತದೆ. ಎರಡನೆಯ ಅಧ್ಯಾಯದ ಆರಂಭದಲ್ಲಿ ಕೃಷ್ಣ ಅವನನ್ನು ಗದರಿಸಿ, ದೌರ್ಬಲ್ಯ ಬಿಟ್ಟೇಳು ಎನ್ನುತ್ತಾನೆ. ಅದು ಫಲಿಸುವುದಿಲ್ಲ, ಅರ್ಜುನ ಮತ್ತೆ ತನ್ನ ಸಂಕಟವನ್ನೇ ಹೇಳಿ ಸುಮ್ಮನಾಗುತ್ತಾನೆ. ಆಮೇಲೆ ನಡೆದದ್ದು ಅವನ ಪ್ರಶ್ನೆಗಳಿಗೂ ಜಾಗವಿದ್ದ ದೀರ್ಘ ಸಂವಾದ. ಕೊನೆಗೆ, ಚೆನ್ನಾಗಿ ವಿಮರ್ಶಿಸಿ ನಿನಗೆ ಸರಿಕಂಡಂತೆ ಮಾಡು ಎಂದು ಕೃಷ್ಣ ನಿರ್ಧಾರವನ್ನು ಅವನಿಗೇ ಬಿಡುತ್ತಾನೆ. ಆದರೆ ಅಲ್ಲಿ ದೊರೆತದ್ದು ಆತ್ಮಜ್ಞಾನವಲ್ಲವೇ, ಅದ್ವೈತ ಬೋಧಿಸಿದ ಸಿದ್ಧಾರೂಢರ ಊರಾದ ಹುಬ್ಬಳ್ಳಿಗೆ ಆಪ್ತಸಮಾಲೋಚನೆ ಏಕೆ ಎನ್ನಬಹುದು. ಅದ್ವೈತವೇ ಶ್ರವಣ, ಮನನಕ್ಕೆ ಮೊದಲು ಮನಸ್ಸು, ಇಂದ್ರಿಯಗಳನ್ನು ಹಿಡಿತಕ್ಕೆ ತರುವ ಶಮ, ದಮ ಮುಂತಾದ ಸಾಧನೆಯನ್ನು ಕೇಳುತ್ತದೆ. ನಿದ್ದೆಯಿಲ್ಲದೆ, ತಾನು ಯಾತಕ್ಕೂ ಬಾರದವಳೆಂದು ನಂಬಿದ ಮನಸ್ಸಿಗೆ ಮನನ ಎಲ್ಲಿ ಸಾಧ್ಯ? ಚಿಕಿತ್ಸೆ ಜ್ಞಾನದ ಬದಲಿಯಲ್ಲ. ಮನಸ್ಸನ್ನು ಅದಕ್ಕೆ ಅಣಿಗೊಳಿಸುವ ನೆರವು.

ತವರಿನ ಬಾಣಂತನವಿರುವಾಗ ಹೊರಗಿನವರೇಕೆ ಎಂಬುದು ಇನ್ನೊಂದು ಆಕ್ಷೇಪ. ಅಂಟಿನುಂಡಿ, ಎಣ್ಣೆನೀರು, ಹಿರಿಯರ ಕಾವಲು ಬೆಲೆಯುಳ್ಳವೇ. ಆದರೆ ಕೂಸಿನ ಮೇಲೆ ಮನಸ್ಸೇ ಬರುತ್ತಿಲ್ಲ ಎಂಬುದನ್ನು, ಹೆಣ್ಣು ಹೆತ್ತದ್ದಕ್ಕೆ ಕೇಳಿದ ಮಾತನ್ನು, ಮನೆಯವರೆದುರು ಹೇಳುವುದು ಕಷ್ಟ. ತೀರ್ಪು ಕೊಡದೆ ಕೇಳುವ ಕಿವಿ ಬೇಕು. ಅದು ವೈದ್ಯರದೇ ಆಗಬೇಕಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮನೆಗೇ ಹೋಗಿ, ಖಿನ್ನತೆಯಿದ್ದ ತಾಯಿಯನ್ನು ಕುಗ್ಗಿಸುವ ಯೋಚನೆಗಳನ್ನು ಅವಳೊಡನೆ ಪರೀಕ್ಷಿಸುತ್ತ ಮಾತಾಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆರಿಗೆಯಾದ ಆರು ತಿಂಗಳ ಬಳಿಕ ಆ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ಶೇ 23ರಷ್ಟು ಮಂದಿಗೆ. ಇಂಥ ಮಾತುಕತೆ ಸಿಗದವರಲ್ಲಿ ಶೇ 53ರಷ್ಟು. ಮಾತೊಂದೇ ಎಲ್ಲಕ್ಕೂ ಸಾಲದು: ಸಾಯುವ ಯೋಚನೆ, ಭ್ರಮೆ, ಕೂಸಿಗೆ ಅಪಾಯ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎನಿಸಿದ್ದ ಕೆಎಂಸಿಆರ್‌ಐ ಆಸ್ಪತ್ರೆ ಇದೆ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ. ದೇವರಲ್ಲಿ ಮೊರೆಯಿಡುವುದು ಭಕ್ತಿಯಾದರೆ, ಕೇಳಬಲ್ಲ ಮನುಷ್ಯರೆದುರು ಮನಸ್ಸು ಬಿಚ್ಚುವುದು ಅದಕ್ಕೆ ಕುಂದಲ್ಲ. ಈ ಮಾತನ್ನು ಮಠಗಳ ಪ್ರವಚನದಲ್ಲೇ ಹೇಳಬೇಕು. ಅಲ್ಲಿ ಕೇಳಿದ್ದನ್ನು ಅತ್ತೆಯರೂ ಗಂಡಂದಿರೂ ನಂಬುತ್ತಾರೆ.